ಭಾರತದಿಂದ ದತ್ತು ಬಂದ ಮಗುವಿನ ಜೊತೆ ನಂಟು ಬೆಸೆಯುವುದು: ಹೊರನಾಡ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ದತ್ತು ಅರ್ಜಿ ತುಂಬುವುದು ಹೇಗೆ, ಹೋಮ್ ಸ್ಟಡಿಗೆ (ದತ್ತುವಿಗೆ ಮುಂಚೆ ಸಮಾಜ ಕಾರ್ಯಕರ್ತರು ಮಾಡುವ ಮನೆ, ಕುಟುಂಬದ ಪರಿಶೀಲನೆಗೆ) ಏನೇನು ಕಾಗದ ಬೇಕು ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಅದೆಲ್ಲ ಮುಗಿದು ಮಗು ಕೈಗೆ ಬಂದ ಮೇಲೆ ಮುಂದೇನು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಅಮೆರಿಕದಲ್ಲಿ ನೆಲೆಸಿದ್ದು, ಭಾರತದಿಂದ ಮಗುವನ್ನು ದತ್ತು ಪಡೆಯಲು ಹೊರಟ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಾವೂ ಹೀಗೆಯೇ ತಂದೆತಾಯಿ ಆದವರು. ನಮ್ಮ ಮಗಳು ಬಂದಿದ್ದು ಮಹಾರಾಷ್ಟ್ರದ ಒಂದು ಶಿಶುಗೃಹದಿಂದ. ಆಗ ಅವಳಿಗೆ ನಡೆದಾಡುವ, ನಾಲ್ಕು ಮಾತಾಡುವ ವಯಸ್ಸು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಮುಂದಿನದ್ದೆಲ್ಲ ಅದರ ಮೇಲೆಯೇ ನಿಂತಿದೆ. ನೀವು ವರ್ಷಗಟ್ಟಲೆ ಈ ಮಗುವಿಗಾಗಿ ಕಾದಿದ್ದೀರಿ, ಮಗು ನಿಮಗಾಗಿ ಕಾದಿಲ್ಲ. ನಿಮಗೆ ಸಂಭ್ರಮದ ದಿನ, ಅದಕ್ಕೆ ಗೊತ್ತಿದ್ದ ಎಲ್ಲವೂ ಕೈಬಿಟ್ಟು ಹೋಗುವ ದಿನ. ಹಾಗಾಗಿ ಮೊದಲ ಕೆಲವು ತಿಂಗಳು ಮಗುವಿನಿಂದ ಪ್ರೀತಿ ನಿರೀಕ್ಷಿಸಬೇಡಿ. ಹಸಿವಾದರೆ ಯಾರು ಉಣಿಸುತ್ತಾರೆ, ರಾತ್ರಿ ಎಚ್ಚರವಾದರೆ ಯಾರು ಬರುತ್ತಾರೆ ಎಂಬುದಕ್ಕೆ ಅದಕ್ಕೆ ಪ್ರತಿ ಸಲವೂ ಒಂದೇ ಉತ್ತರ ಸಿಗುವಂತೆ ನೋಡಿಕೊಳ್ಳಿ. ನಂಬಿಕೆ ಹುಟ್ಟಿದ ಮೇಲೆ ಪ್ರೀತಿ ಅದರಷ್ಟಕ್ಕೇ ಬರುತ್ತದೆ.

ಕಾಗದಪತ್ರದ ಹಾದಿ, ಚುಟುಕಾಗಿ

ಭಾರತದಲ್ಲಿ ದತ್ತು ವಿಚಾರದ ಹೊಣೆ ಕೇಂದ್ರ ಸರ್ಕಾರದ ಕಾರಾ ಸಂಸ್ಥೆಯದು, ಅಂದರೆ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ್ದು. 2015ರ ಬಾಲನ್ಯಾಯ ಕಾಯ್ದೆ ಮತ್ತು 2022ರ ದತ್ತು ನಿಯಮಾವಳಿಯಂತೆ ಎಲ್ಲವೂ ನಡೆಯುತ್ತದೆ. ಅಮೆರಿಕದಲ್ಲಿರುವವರು ಅಲ್ಲಿನ ಮಾನ್ಯತೆ ಪಡೆದ ದತ್ತು ಏಜೆನ್ಸಿಯ ಮೂಲಕವೇ ನೋಂದಾಯಿಸಬೇಕು. ಅನಿವಾಸಿ ಭಾರತೀಯರನ್ನು ಸರದಿಯಲ್ಲಿ ಭಾರತದಲ್ಲೇ ಇರುವವರ ಸಮಾನವಾಗಿ ನೋಡುತ್ತಾರೆ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವವರು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿ. ಅಂತರದೇಶೀಯ ದತ್ತು ಕುರಿತ 1993ರ ಹೇಗ್ ಒಪ್ಪಂದ ಭಾರತಕ್ಕೆ 2003ರಿಂದ, ಅಮೆರಿಕಕ್ಕೆ 2008ರಿಂದ ಅನ್ವಯವಾಗುತ್ತಿದೆ. ಊರಿನ ಆಸ್ಪತ್ರೆಯಲ್ಲಿ ಒಂದು ಮಗು ಇದೆ, ಪರಿಚಯದವರು ಕೊಡಿಸುತ್ತಾರೆ ಎಂದು ಯಾರಾದರೂ ಹೇಳಿದರೆ ಆ ದಾರಿಗೆ ಹೋಗಲೇಬೇಡಿ. ಅದು ಅಪರಾಧ. ಜೊತೆಗೆ ಆ ಮಗುವಿಗೆ ವೀಸಾ ಕೂಡ ಸಿಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಹೇಗ್ ಮಾರ್ಗದಲ್ಲಿ ಅಮೆರಿಕದ ವಲಸೆ ಇಲಾಖೆಗೆ ಮೊದಲು ಕೊಡಬೇಕಾದ ಐ-800ಎ ಅರ್ಜಿ ಹಾಕಲು ದಂಪತಿಯಲ್ಲಿ ಒಬ್ಬರಾದರೂ ಅಮೆರಿಕದ ಪ್ರಜೆಯಾಗಿರಬೇಕು. ಎಚ್-1ಬಿ ಅಥವಾ ಗ್ರೀನ್ ಕಾರ್ಡ್ ಮೇಲಿರುವ ದಂಪತಿ ಮಗುವನ್ನು ಹೇಗೆ ಕರೆತರಬಹುದು ಎಂದು ವಲಸೆ ವಕೀಲರನ್ನು ಕೇಳಿಯೇ ಹೆಜ್ಜೆ ಇಡಬೇಕು. ಆದೇಶ ಕೈಯಲ್ಲಿದ್ದು ವೀಸಾ ಇಲ್ಲದೆ ಮಗು ಒಂದು ಕಡೆ, ನೀವು ಒಂದು ಕಡೆ ಆಗುವ ಸ್ಥಿತಿ ಯಾರಿಗೂ ಬೇಡ.

ಹಂತ 1: ಫೋಟೊ ಬಂದ ದಿನದಿಂದ ವಿಮಾನ ಹತ್ತುವವರೆಗೆ

ಕಾರಾದ ಪೋರ್ಟಲ್‌ನಲ್ಲಿ ಮಗುವನ್ನು ಒಪ್ಪಿಕೊಂಡ ಮೇಲೂ ಅದು ಕೈಸೇರಲು ತಿಂಗಳುಗಳು ಹಿಡಿಯುತ್ತವೆ. ಸುಮ್ಮನೆ ಫೋಟೊ ನೋಡುತ್ತಾ ಆ ಕಾಲ ಕಳೆಯಬೇಡಿ. ನಂಟಿನ ಕೆಲಸ ಅಲ್ಲಿಂದಲೇ ಶುರು.

ನಿಮಗೆ ಕಳಿಸುವ ಮಗುವಿನ ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿಯಲ್ಲಿ ತೂಕ, ಎತ್ತರ, ಲಸಿಕೆ, ರಕ್ತಪರೀಕ್ಷೆ ಇರುತ್ತವೆ. ಮಗುವಿನ ಅಭ್ಯಾಸಗಳ ಬಗ್ಗೆ ಒಂದೆರಡು ಸಾಲು ಇದ್ದರೆ ಹೆಚ್ಚು. ಉಳಿದದ್ದನ್ನು ಏಜೆನ್ಸಿಯ ಮೂಲಕ ನೀವೇ ಕೇಳಿ ತಿಳಿದುಕೊಳ್ಳಬೇಕು. ಇವಿಷ್ಟನ್ನು ಕೇಳಿ:

- ಮಲಗಿಸುವಾಗ ಬೆನ್ನು ತಟ್ಟುತ್ತಾರೋ, ತೊಟ್ಟಿಲು ತೂಗುತ್ತಾರೋ? ರಾತ್ರಿ ದೀಪ ಉರಿಯುತ್ತಿರುತ್ತದೋ?
- ಹಾಲು ಬಾಟಲಿಯಲ್ಲೋ ಲೋಟದಲ್ಲೋ? ಸಕ್ಕರೆ ಹಾಕುತ್ತಾರೋ?
- ಕಾಗದದ ಹೆಸರು ಬಿಟ್ಟು ಕರೆಯುವ ಹೆಸರು ಬೇರೆ ಇದೆಯೇ?
- ಒಂದಕ್ಕೆ, ಎರಡಕ್ಕೆ ಹೋಗಬೇಕಾದರೆ ಏನೆನ್ನುತ್ತದೆ?
- ಹೆಚ್ಚು ಹಚ್ಚಿಕೊಂಡಿರುವುದು ಯಾವ ಆಯಾಳನ್ನು? ಯಾವ ಮಗುವಿನ ಪಕ್ಕ ಮಲಗುತ್ತದೆ?
- ಯಾವುದಕ್ಕೆ ಹೆದರುತ್ತದೆ?

ಐದನೆಯ ಪ್ರಶ್ನೆಯ ಉತ್ತರಕ್ಕೆ ಹೆಚ್ಚು ಬೆಲೆ ಕೊಡಿ. ಆಯಾಳನ್ನು ಹಚ್ಚಿಕೊಂಡ ಮಗು ನಿಮ್ಮನ್ನೂ ಹಚ್ಚಿಕೊಳ್ಳಬಲ್ಲದು. ಒಬ್ಬರನ್ನು ನಂಬುವುದು ಹೇಗೆಂದು ಅದಕ್ಕೆ ಗೊತ್ತಿದೆ. ಅವಳನ್ನು ಬಿಟ್ಟು ಬರುವಾಗ ಅದು ಎದೆ ಒಡೆದು ಅತ್ತರೆ ಅದೂ ಒಳ್ಳೆಯ ಲಕ್ಷಣವೇ.

ಏಜೆನ್ಸಿ ಒಪ್ಪಿದರೆ ಒಂದು ಪುಟ್ಟ ಆಲ್ಬಂ ಕಳಿಸಿ. ನಿಮ್ಮಿಬ್ಬರ ಮುಖ ದೊಡ್ಡದಾಗಿ ಕಾಣುವ ಚಿತ್ರ, ಮನೆ, ಮಗು ಮಲಗುವ ಜಾಗ, ನಾಯಿಯಿದ್ದರೆ ನಾಯಿ. ನೆಂಟರಿಷ್ಟರ ಗುಂಪಿನ ಫೋಟೊ ಬೇಡ. ನೀವು ಕೆಲವು ರಾತ್ರಿ ಹೊದ್ದು ಮಲಗಿದ ಹಳೆಯ ಹತ್ತಿಸೀರೆಯ ಒಂದು ತುಂಡನ್ನು ತೊಳೆಯದೆ ಕಳಿಸಿದರೆ ನಿಮ್ಮ ವಾಸನೆ ಮೊದಲೇ ಪರಿಚಯವಾಗುತ್ತದೆ. ವಿಡಿಯೊ ಕರೆಗೆ ಅವಕಾಶ ಸಿಕ್ಕರೆ ಚಿಕ್ಕದಾಗಿ ಮುಗಿಸಿ. ಮಗು ಎದ್ದು ಓಡಿಹೋದರೆ ಬೇಸರ ಮಾಡಿಕೊಳ್ಳಬೇಡಿ.

ಮಗುವಿನ ಭಾಷೆಯ ದಿನಬಳಕೆಯ ಮಾತುಗಳನ್ನು ಕಲಿಯಿರಿ. ಕನ್ನಡಿಗರಿಗೆ ಕನ್ನಡದ ಮಗುವೇ ಸಿಗುತ್ತದೆ ಎಂದೇನಿಲ್ಲ. ಒಡಿಯಾ, ಬಂಗಾಳಿ, ಮರಾಠಿ ಕೇಳಿ ಬೆಳೆದ ಮಗು ಬರಬಹುದು. ನೀರು, ಊಟ, ಹಾಲು, ನೋವು, ನಿದ್ದೆ, ಬೇಡ, ಬಾ, ಹೆದರಬೇಡ, ನಾನು ಇಲ್ಲೇ ಇದ್ದೇನೆ, ಇಷ್ಟು ಬಾಯಿಗೆ ಬಂದರೆ ಮೊದಲ ವಾರ ದಾಟಬಹುದು. ಶಿಶುಗೃಹದ ಆಯಾ ಆ ಮಾತುಗಳನ್ನು ಹೇಳಿ ರೆಕಾರ್ಡ್ ಮಾಡಿ ಕಳಿಸಿದರೆ ಇನ್ನೂ ಉತ್ತಮ, ಮಗುವಿನ ಕಿವಿಗೆ ಪರಿಚಯವಿರುವುದು ಅವಳ ದನಿ.

ರಜೆಯನ್ನೂ ಈಗಲೇ ಹೊಂದಿಸಿಕೊಳ್ಳಿ. ಅಮೆರಿಕದ ಎಫ್‌ಎಂಎಲ್‌ಎ (ಕುಟುಂಬ ಮತ್ತು ವೈದ್ಯಕೀಯ ರಜೆ) ಕಾನೂನಿನಡಿ ಅರ್ಹ ನೌಕರರಿಗೆ ದತ್ತು ಕಾರಣಕ್ಕೆ 12 ವಾರಗಳವರೆಗೆ ಸಂಬಳವಿಲ್ಲದ ರಜೆ ಸಿಗುತ್ತದೆ, ಕೆಲಸ ಹೋಗುವುದಿಲ್ಲ. ಸಂಬಳದ ರಜೆ ಕೊಡುವ ಕಂಪನಿಗಳೂ ಇವೆ. ಮನೆಯ ಬಣ್ಣ, ಹೊಸ ಮಂಚ, ಆಟಿಕೆಗಳಿಗೆ ಸುರಿಯುವ ದುಡ್ಡನ್ನು ಉಳಿಸಿ, ಅದರ ಬದಲು ಇನ್ನೊಂದೆರಡು ವಾರ ಮನೆಯಲ್ಲಿರಿ.

ಹಂತ 2: ಮೊದಲ ಭೇಟಿ

ಸಾಧ್ಯವಿದ್ದರೆ ಒಂದೇ ದಿನದಲ್ಲಿ ಮಗುವನ್ನು ಕರೆದುಕೊಂಡು ಹೊರಡಬೇಡಿ. ಕೆಲವು ದಿನ ಶಿಶುಗೃಹಕ್ಕೆ ಹೋಗಿ ಬಂದು ಮಾಡಲು ಅನುಮತಿ ಕೇಳಿ. ಮೊದಲ ದಿನ ಅದರ ಜಾಗದಲ್ಲಿ, ಅದರ ಜನರ ನಡುವೆ, ನೀವು ಅತಿಥಿಯ ಹಾಗೆ ಇರಿ.

ಒಳಗೆ ಹೋದ ಕೂಡಲೇ ಎತ್ತಿಕೊಳ್ಳಲು ಕೈಚಾಚಬೇಡಿ. ನೆಲದ ಮೇಲೆ ಕೂತುಬಿಡಿ. ನಿಂತ ದೊಡ್ಡವರು ಪುಟ್ಟ ಮಗುವಿಗೆ ಬರೀ ಕಾಲುಗಳಾಗಿ ಕಾಣುತ್ತಾರೆ. ಅದರ ಕಣ್ಣನ್ನೇ ದಿಟ್ಟಿಸಬೇಡಿ, ಕೈಗೊಂದು ಕೆಲಸ ಇಟ್ಟುಕೊಳ್ಳಿ. ನಮ್ಮ ಮಗಳು ಆಯಾಳ ಸೀರೆಯ ನೆರಿಗೆ ಹಿಡಿದು ಬೆನ್ನು ತಿರುಗಿಸಿ ನಿಂತಿದ್ದಳು. ಅಲ್ಲಿ ಆಯಾಳನ್ನು ಮಕ್ಕಳು ಮಾವಶಿ ಎನ್ನುತ್ತಿದ್ದವು. ನನ್ನ ಗಂಡ ಚಾಪೆಯ ಮೇಲೆ ಕೂತು ಸ್ಟೀಲ್ ಲೋಟಗಳನ್ನು ಒಂದರೊಳಗೊಂದು ಇಡುವುದು, ಮತ್ತೆ ಬಿಡಿಸುವುದು ಮಾಡುತ್ತಿದ್ದರು, ಅವಳನ್ನು ಕರೆಯದೆ. ಬಹಳ ಹೊತ್ತಿನ ಮೇಲೆ ಅವಳು ಪಕ್ಕಕ್ಕೆ ಸರಿದು ಬಂದು ಎಲ್ಲಕ್ಕಿಂತ ಚಿಕ್ಕ ಲೋಟ ಎತ್ತಿಕೊಂಡು ಮಾವಶಿಯ ಹಿಂದೆ ಓಡಿದಳು. ಗಂಡ ಕೈ ಮುಂದೆ ಮಾಡಿದರು. ಲೋಟ ವಾಪಸು ಬಂತು. ಆಮೇಲೆ ಅದೇ ಆಟ. ಅವತ್ತಿನ ಪರಿಚಯ ಅಷ್ಟೇ, ಅಷ್ಟು ಸಾಕಿತ್ತು.

ಆಯಾಳೇ ಮಗುವನ್ನು ನಿಮ್ಮ ಕೈಗೆ ಕೊಡಲಿ. ಇದಕ್ಕೆ ಅವಳನ್ನು ಮೊದಲೇ ಕೇಳಿಕೊಳ್ಳಿ. ಇವರು ನಿನ್ನ ಅಮ್ಮ, ನಿನ್ನ ಅಪ್ಪ ಎಂದು ನಂಬಿದವಳ ಬಾಯಿಂದ, ಅವಳ ನಗುಮುಖದಲ್ಲಿ ಕೇಳಿದರೆ ಹೋಗಲು ಅಪ್ಪಣೆ ಸಿಕ್ಕ ಹಾಗೆ. ಮಗು ಆಚೀಚೆ ಇದ್ದಾಗ ಗುಟ್ಟಾಗಿ ಆಯಾಳನ್ನು ಒಳಗೆ ಕಳಿಸಿ ಹೊರಟುಬಿಡುವ ಪದ್ಧತಿ ಕೆಲವು ಕಡೆ ಇದೆ. ಅಳು ತಪ್ಪಿಸಲು ಹಾಗೆ ಮಾಡುತ್ತಾರೆ. ದಯವಿಟ್ಟು ಒಪ್ಪಬೇಡಿ. ಇದ್ದವರು ಹೇಳದೆ ಮಾಯವಾಗುತ್ತಾರೆ ಎಂಬುದು ಮಗುವಿನ ಮನಸ್ಸಿನಲ್ಲಿ ಉಳಿದುಬಿಡುತ್ತದೆ, ಆಮೇಲೆ ನೀವು ಬಚ್ಚಲಿಗೆ ಹೋದರೂ ಕಿರುಚುತ್ತದೆ. ಮಗು ಅತ್ತರೂ ಸರಿ, ಆಯಾ ಹೋಗಿ ಬರುತ್ತೇನೆ ಎಂದು ಹೇಳಿಯೇ ಹೊರಡಲಿ.

ಹೊರಡುವ ಮುಂಚೆ ಮಾಡಿಕೊಳ್ಳಬೇಕಾದ್ದು: ಆಯಾಳ ಜೊತೆ ಮಗುವಿನ ಫೋಟೊ, ಮಲಗುತ್ತಿದ್ದ ಜಾಗದ, ಅಂಗಳದ, ಹೊರಬಾಗಿಲಿನ ಫೋಟೊ (ಬೇರೆ ಮಕ್ಕಳ ಮುಖ ಬರದ ಹಾಗೆ). ಹಳೆಯ ಬಟ್ಟೆಯೋ ಹೊದಿಕೆಯೋ ಒಂದನ್ನು ಕೇಳಿ ತನ್ನಿ, ಅದರ ಬದಲಿಗೆ ಶಿಶುಗೃಹಕ್ಕೆ ಹೊಸದನ್ನು ಕೊಡಿ. ತಂದದ್ದನ್ನು ಒಗೆಯಬೇಡಿ.

ಹಂತ 3: ಭಾರತದಲ್ಲಿ ಕಳೆಯುವ ವಾರಗಳು

ಪಾಸ್‌ಪೋರ್ಟ್, ವೈದ್ಯಕೀಯ ತಪಾಸಣೆ, ವೀಸಾ ಎಂದು ಕೆಲವು ವಾರ ಭಾರತದಲ್ಲೇ ಆಗುತ್ತದೆ. ಆಗ ಬೆಂಗಳೂರಿಗೋ ಮೈಸೂರಿಗೋ ತವರಿಗೆ ಹೋಗಿ ಇರೋಣ ಎನಿಸುವುದು ಸಹಜ. ನನ್ನ ಸಲಹೆ: ಅಡುಗೆಮನೆ ಇರುವ ಒಂದು ಬಾಡಿಗೆ ಜಾಗ ಹಿಡಿಯಿರಿ. ಅಜ್ಜ ಅಜ್ಜಿ ಹಗಲು ಬಂದು ಹೋಗಲಿ. ಹತ್ತು ಜನ ಎತ್ತಿ ಮುದ್ದಾಡುವ ಮನೆ ಮಗುವಿಗೆ ಮತ್ತೊಂದು ಶಿಶುಗೃಹವಾಗುತ್ತದೆ, ಅಲ್ಲಿ ಎಲ್ಲರೂ ಆಯಾಗಳೇ. ಇವರಲ್ಲಿ ನನ್ನವರು ಯಾರು ಎಂದು ಅದು ಕಂಡುಕೊಳ್ಳುವುದು ಹೇಗೆ?

ಊಟ ಶಿಶುಗೃಹದ್ದೇ ಮುಂದುವರಿಯಲಿ. ನಮ್ಮ ಮಗಳಿಗೆ ವರಣ್-ಭಾತ್ ಅಭ್ಯಾಸವಿತ್ತು, ನಮ್ಮ ತೊವ್ವೆ ಅನ್ನವನ್ನು ಅವಳು ತಕರಾರಿಲ್ಲದೆ ಉಂಡಳು. ಒಗ್ಗರಣೆಗೆ ಮಾತ್ರ ಮುಖ ತಿರುಗಿಸಿದಳು.

ವಿಮಾನಕ್ಕೆ ಎರಡೇ ಮಾತು. ಏರುವಾಗ, ಇಳಿಯುವಾಗ ಬಾಟಲಿಯೋ ನೀರೋ ಬಾಯಲ್ಲಿದ್ದರೆ ಕಿವಿನೋವು ಕಡಿಮೆ. ಸೀಟ್ ಬೆಲ್ಟ್ ಕಟ್ಟಿಸಿಕೊಂಡೇ ಗೊತ್ತಿಲ್ಲದ ಮಗುವಿಗೆ ಬಾಡಿಗೆ ಮನೆಯಲ್ಲಿ ಕುರ್ಚಿಗೆ ದುಪಟ್ಟಾ ಕಟ್ಟಿ ಆಟವಾಡಿಸಿ ಅಭ್ಯಾಸ ಮಾಡಿಸಿ. ಅಮೆರಿಕದಲ್ಲಿ ಇಳಿದ ಮೊದಲ ಗಂಟೆಯಲ್ಲೇ ಕಾರ್ ಸೀಟಿನಲ್ಲಿ ಕಟ್ಟಿ ಕೂರಿಸುವುದು ಕಾನೂನಿನ ಅಗತ್ಯ, ಅಲ್ಲಿ ದೊಡ್ಡ ರಂಪ ಆಗುವುದು ಸಾಮಾನ್ಯ.

ಹಂತ 4: ಮನೆಯ ಮೊದಲ ತಿಂಗಳುಗಳು

ಇಲ್ಲಿ ನಿಯಮ ಒಂದೇ: ಉಣಿಸುವುದು, ಮೀಯಿಸುವುದು, ಬಟ್ಟೆ ಬದಲಿಸುವುದು, ಮಲಗಿಸುವುದು, ಬಿದ್ದರೆ ಎತ್ತುವುದು, ಇವು ಅಪ್ಪ ಅಮ್ಮನ ಕೈಯಿಂದ ಮಾತ್ರ. ಬೇರೆಯವರು ಆಡಿಸಬಹುದು, ಮಾತಾಡಿಸಬಹುದು. ತಿಂಡಿ ಕೂಡ ನಿಮ್ಮ ಕೈ ದಾಟಿಯೇ ಹೋಗಲಿ: ಅಜ್ಜಿ ಚಕ್ಕುಲಿ ತಂದರೆ ನಿಮ್ಮ ಕೈಗೆ ಕೊಡಲಿ, ನೀವು ಮಗುವಿಗೆ ಕೊಡಿ. ಅಜ್ಜಿಗೆ ಇದು ನೋವಾಗುತ್ತದೆ. ಊರಿನಲ್ಲಿರುವಾಗಲೇ ಕೂರಿಸಿ ಹೇಳಿ: ಇದು ಕೆಲವು ತಿಂಗಳ ಮಾತು, ಮಗು ನಮ್ಮನ್ನು ಗಟ್ಟಿಯಾಗಿ ಹಿಡಿದುಕೊಂಡ ಮೇಲೆ ನಿಮ್ಮ ಮಡಿಲಿಗೆ ತಾನೇ ಬರುತ್ತದೆ.

*ಊಟ.* ದೊಡ್ಡ ಮಗುವಾದರೂ ಕೈತುತ್ತು ಕೊಡಿ. ಸ್ವಂತ ಉಣ್ಣಲು ಕಲಿಸುವ ಅವಸರ ಈಗ ಬೇಡ. ಮಗು ಸ್ವಾವಲಂಬಿ ಎಂದು ವರದಿಯಲ್ಲಿ ಬರೆದಿರುವುದು ಮೆಚ್ಚುಗೆಯ ಮಾತಾಗಿ ಕಂಡರೂ, ಎಷ್ಟೋ ಸಲ ಕರೆದಾಗ ಯಾರೂ ಬಾರದೆ ಕಲಿತ ವಿದ್ಯೆ ಅದು. ಬಾಟಲಿ ಕುಡಿಯುವ ಮಗುವಾದರೆ ಎರಡು ವರ್ಷ ದಾಟಿದ್ದರೂ ತಕ್ಷಣ ಬಿಡಿಸಬೇಡಿ. ತೊಡೆಯ ಮೇಲೆ ಮಲಗಿಸಿಕೊಂಡು, ಕಣ್ಣು ಕೂಡುವ ಹಾಗೆ, ಬಾಟಲಿ ನೀವೇ ಹಿಡಿದು ಕುಡಿಸಿ. ಶಿಶುಗೃಹದಲ್ಲಿ ದಿಂಬಿಗೆ ಒರಗಿಸಿದ ಬಾಟಲಿಯಿಂದ ಒಂಟಿಯಾಗಿ ಕುಡಿದ ಮಗುವಿಗೆ ಇದು ಹೊಸದು. ಮೊದಲು ಕತ್ತು ಆಚೆ ತಿರುಗಿಸುತ್ತದೆ. ಒತ್ತಾಯ ಮಾಡದೆ ದಿನವೂ ಹಾಗೇ ಹಿಡಿಯಿರಿ.

ಕೆಲವು ಮಕ್ಕಳು ಹೊಟ್ಟೆ ಬಿರಿಯುವಷ್ಟು ತಿನ್ನುತ್ತವೆ, ದಿಂಬಿನಡಿ ಚಪಾತಿ ಬಚ್ಚಿಡುತ್ತವೆ. ಬೈಯಬೇಡಿ, ತಟ್ಟೆ ಕಿತ್ತುಕೊಳ್ಳಬೇಡಿ. ಮಗುವಿನ ಕೈಗೆಟುಕುವ ಕಡೆ ಒಂದು ಡಬ್ಬಿಯಲ್ಲಿ ಬಾಳೆಹಣ್ಣು, ರಸ್ಕ್ ಸದಾ ಇರಲಿ. ಖಾಲಿಯಾದರೆ ಮಗುವಿನ ಕಣ್ಣೆದುರೇ ತುಂಬಿಸಿ. ನಾಳೆಯೂ ಊಟ ಸಿಗುತ್ತದೆ ಎಂಬುದು ಖಾತ್ರಿಯಾದ ಮೇಲೆ ಬಚ್ಚಿಡುವುದು ತಾನೇ ನಿಲ್ಲುತ್ತದೆ, ಅದಕ್ಕೆ ತಿಂಗಳುಗಳಾಗಬಹುದು.

*ನಿದ್ದೆ.* ಸಾಲು ತೊಟ್ಟಿಲುಗಳ ಕೋಣೆಯಲ್ಲಿ, ಹತ್ತು ಮಕ್ಕಳ ಉಸಿರಿನ ಸದ್ದಿನಲ್ಲಿ ಮಲಗಿದ ಮಗುವನ್ನು ಅಮೆರಿಕದ ಪದ್ಧತಿಯಂತೆ ಪ್ರತ್ಯೇಕ ಕತ್ತಲೆ ಕೋಣೆಯಲ್ಲಿ ಬಿಟ್ಟರೆ ಅದು ಬೆಚ್ಚಿಬೀಳುತ್ತದೆ. ಅತ್ತು ಅತ್ತು ತಾನೇ ಮಲಗಲಿ ಎಂಬ ನಿದ್ರಾಭ್ಯಾಸದ ವಿಧಾನ ಈ ಮಕ್ಕಳಿಗೆ ಖಂಡಿತ ಬೇಡ. ಹೋಮ್ ಸ್ಟಡಿಗಾಗಿ ಬೇರೆ ಕೋಣೆ ಸಿದ್ಧಪಡಿಸಿರುತ್ತೀರಿ, ಅದು ಇರಲಿ. ಮೊದಲ ತಿಂಗಳುಗಳಲ್ಲಿ ನಿಮ್ಮ ಕೋಣೆಯಲ್ಲೇ, ನಿಮ್ಮ ಮಂಚದ ಪಕ್ಕ ಹಾಸಿಗೆ ಹಾಕಿ, ಕೈ ಇಳಿಬಿಟ್ಟರೆ ಮಗುವಿಗೆ ಸಿಗುವಷ್ಟು ಹತ್ತಿರ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಅದೇ ಕೋಣೆಯಲ್ಲಿ ಪ್ರತ್ಯೇಕ ತೊಟ್ಟಿಲೇ ಸುರಕ್ಷಿತ.

ರಾತ್ರಿ ಎದ್ದು ಸದ್ದಿಲ್ಲದೆ ಕಣ್ಣುಬಿಟ್ಟು ಮಲಗಿರುವ ಮಕ್ಕಳಿವೆ. ಅತ್ತರೆ ಯಾರೂ ಬರುವುದಿಲ್ಲ ಎಂದು ಅಳುವುದನ್ನೇ ಬಿಟ್ಟವು ಅವು. ಅಂಥ ಮಗು ಒಂದು ರಾತ್ರಿ ನಿಮ್ಮನ್ನು ಕರೆದು ಅತ್ತರೆ, ನಿದ್ದೆಗೆಟ್ಟರೂ ಸಂತೋಷಪಡಿ.

*ಸ್ನಾನ.* ಚೊಂಬಿನಿಂದ ನೀರು ಹೊಯ್ಯಿಸಿಕೊಂಡು ರೂಢಿಯಿರುವ ಮಗುವಿಗೆ ಶವರ್ ಮಳೆಗಿಂತ ಭಯಂಕರ, ತುಂಬಿದ ಬಾತ್‌ಟಬ್ ಕೆರೆಯಷ್ಟು ದೊಡ್ಡದು. ಖಾಲಿ ಟಬ್ಬಿನೊಳಗೆ ಬಕೆಟ್ ಇಟ್ಟು, ಚೊಂಬಿನಿಂದಲೇ ಶುರುಮಾಡಿ. ಮೊದಲು ಕಾಲಿಗೆ, ಆಮೇಲೆ ಬೆನ್ನಿಗೆ, ತಲೆಗೆ ಕೊನೆಯಲ್ಲಿ. ಅದರ ಕೈಯಲ್ಲೂ ಒಂದು ಪುಟ್ಟ ಲೋಟ ಕೊಟ್ಟು ನಿಮ್ಮ ಕೈಮೇಲೆ ನೀರು ಹೊಯ್ಯಿಸಿಕೊಳ್ಳಿ.

ಎಣ್ಣೆ ಹಚ್ಚಿ ನೀವುವುದು ನಮ್ಮ ಮನೆಗಳಲ್ಲಿ ಬೆಳೆದುಬಂದ ದೊಡ್ಡ ವರ. ಸ್ಪರ್ಶದ ಅಭ್ಯಾಸವಿಲ್ಲದ ಮಗುವಿಗೆ ಅಂಗಾಲಿನಿಂದ ಶುರುಮಾಡಿ. ಮೈ ಬಿಗಿಹಿಡಿದರೆ ಅಲ್ಲಿಗೇ ನಿಲ್ಲಿಸಿ, ಮರುದಿನ ಅಷ್ಟೇ ದೂರ ಹೋಗಿ. ಆದರೆ ಮೊದಲು ಬೆರಳಸಂದು, ಮಣಿಕಟ್ಟಿನಲ್ಲಿ ಕಜ್ಜಿ ಇದೆಯೇ ನೋಡಿ. ಗುಂಪಿನಲ್ಲಿ ಬೆಳೆದ ಮಕ್ಕಳಲ್ಲಿ ಅದು ಸಾಮಾನ್ಯ, ಮುಲಾಮಿನಿಂದ ವಾಸಿಯಾಗುತ್ತದೆ.

*ಆಟ.* ಆಟಿಕೆಗಿಂತ ಮುಖ ಮುಖ್ಯ. ಸೆರಗಿನ ಹಿಂದೆ ಅಡಗಿ ಇಣುಕುವುದು, ಕಣ್ಣಾಮುಚ್ಚಾಲೆ, ಕೈಬೆರಳು ಮಡಿಸಿ ಎಣಿಸುವುದು, ಬೆನ್ನ ಮೇಲೆ ಉಪ್ಪಿನಮೂಟೆ. ಕಣ್ಣಾಮುಚ್ಚಾಲೆಯಲ್ಲಿ ಹೋದವರು ತಿರುಗಿ ಬರುತ್ತಾರೆ ಎಂಬುದನ್ನು ಮಗು ನೂರು ಸಲ ಕಾಣುತ್ತದೆ, ಈ ಮಗುವಿಗೆ ಅದಕ್ಕಿಂತ ದೊಡ್ಡ ಪಾಠವಿಲ್ಲ. ಮೊದಲ ದಿನಗಳಲ್ಲಿ ಮಾತ್ರ ಪೂರ್ತಿ ಮರೆಯಾಗಬೇಡಿ, ಮೊಣಕೈಯಾದರೂ ಕಾಣುತ್ತಿರಲಿ.

ಹಂತ 5: ಜನ, ಹಬ್ಬ, ಮಾತು

ಕನ್ನಡ ಕೂಟದ ಯುಗಾದಿಗೋ ರಾಜ್ಯೋತ್ಸವಕ್ಕೋ ಮಗುವನ್ನು ಕರೆದೊಯ್ದು ಎಲ್ಲರಿಗೂ ತೋರಿಸುವ ಆಸೆ ನನಗೆ ಅರ್ಥವಾಗುತ್ತದೆ. ಆ ವರ್ಷ ಬಿಟ್ಟುಬಿಡಿ. ನಾಮಕರಣ ಮಾಡುವುದಾದರೆ ಮನೆಯಲ್ಲೇ, ನಾಲ್ಕು ಜನರ ನಡುವೆ ಮಾಡಿ.

ಕಂಡವರ ತೊಡೆಯೆಲ್ಲ ಏರುವ, ಯಾರು ಕೈಚಾಚಿದರೂ ಹೋಗುವ ಮಗುವನ್ನು ನೋಡಿ ಎಷ್ಟು ಬೇಗ ಹೊಂದಿಕೊಂಡಿತು ಎಂದು ಜನ ಹೊಗಳುತ್ತಾರೆ. ಸಂಸ್ಥೆಗಳಲ್ಲಿ ಬೆಳೆದ ಮಕ್ಕಳಲ್ಲಿ ಈ ಭೇದವಿಲ್ಲದ ಸಲುಗೆಯನ್ನು ಸಂಶೋಧಕರು ಬಹಳ ಕಾಲದಿಂದ ಗುರುತಿಸಿದ್ದಾರೆ. ತನ್ನವರು ಯಾರೆಂದು ಗೊತ್ತಿಲ್ಲದ ಮಗುವಿಗೆ ಎಲ್ಲರೂ ಒಂದೇ. ಹಾಗೆ ಹೋದಾಗ ಸದ್ದುಗದ್ದಲವಿಲ್ಲದೆ ಎತ್ತಿ ನಿಮ್ಮ ಸೊಂಟಕ್ಕೆ ತನ್ನಿ. ಅತಿಥಿಗಳಿಗೆ ಮೊದಲೇ ಹೇಳಿಡಿ: ಮಗು ಬಂದರೆ ಎತ್ತಿಕೊಳ್ಳಬೇಡಿ, ಅಮ್ಮ ಅಲ್ಲಿದ್ದಾಳೆ ನೋಡು ಎಂದು ನಮ್ಮ ಕಡೆ ತಿರುಗಿಸಿ.

ಮಾತುಗಳೂ ಬರುತ್ತವೆ. ಪುಣ್ಯದ ಕೆಲಸ ಮಾಡಿದಿರಿ, ಮಗು ಅದೃಷ್ಟ ಮಾಡಿತ್ತು, ನಿಜವಾದ ಅಪ್ಪ ಅಮ್ಮ ಯಾರಂತೆ, ಬಣ್ಣ ಯಾರದ್ದು. ಮಗುವಿನೆದುರು ಇವಕ್ಕೆ ಚಿಕ್ಕ, ಗಟ್ಟಿ ಉತ್ತರ ಸಿದ್ಧವಿರಲಿ. ನಾನು ಹೇಳುತ್ತಿದ್ದದ್ದು: ಅದೃಷ್ಟ ನಮ್ಮದು, ಅವಳ ಹುಟ್ಟಿನ ಕಥೆ ಅವಳದು. ಹೆತ್ತವರ ಬಗ್ಗೆ ನಿಮಗೆ ತಿಳಿದಿರುವುದನ್ನು ಅಕ್ಕತಂಗಿಯರಿಗೂ ಹೇಳಬೇಡಿ. ಅದನ್ನು ಮೊದಲು ಕೇಳುವ ಹಕ್ಕು ಮಗುವಿಗಿದೆ.

ಮನೆಯಲ್ಲಿ ಯಾವ ಭಾಷೆ? ಕನ್ನಡವೇ ಆಡಿ, ಇಂಗ್ಲಿಷ್ ಶಾಲೆ ತಾನೇ ಕಲಿಸುತ್ತದೆ. ದತ್ತು ಬಂದ ಪುಟ್ಟ ಮಕ್ಕಳು ಹುಟ್ಟಿದ ಭಾಷೆಯನ್ನು ಬೆರಗಾಗುವಷ್ಟು ಬೇಗ, ಕೆಲವೇ ತಿಂಗಳಲ್ಲಿ ಕಳೆದುಕೊಳ್ಳುತ್ತವೆ. ಹಳೆಯದು ಹೋಗಿ ಹೊಸದು ಇನ್ನೂ ಬಾರದ ನಡುವಿನ ಕಾಲದಲ್ಲಿ ಮಗುವಿನ ಬಳಿ ಮಾತೇ ಇರುವುದಿಲ್ಲ, ಕಚ್ಚುವುದು, ಎಸೆಯುವುದು ಆಗ ಹೆಚ್ಚುತ್ತದೆ. ಸನ್ನೆಗಳನ್ನು ಕಲಿಸಿ. ಹಳೆಯ ಮಾತುಗಳನ್ನು ತಿದ್ದಬೇಡಿ. ಮಗಳು ಪಾಣಿ ಎಂದರೆ ನೀರು ಬೇಕಾ ಕಂದಾ, ತಗೋ ಪಾಣಿ ಎಂದು ಎರಡನ್ನೂ ಸೇರಿಸಿ ಹೇಳುತ್ತಿದ್ದೆವು. ಬೇಡ ಎನ್ನಲು ಅವಳು ಆಡುತ್ತಿದ್ದ ನಕೋ ಎಂಬ ಮಾತು ನಮ್ಮ ಮನೆಯಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ.

ಹೆಸರು ಬದಲಿಸುವುದಾದರೆ ಹಳೆಯದನ್ನು ಪೂರ್ತಿ ಕಿತ್ತುಹಾಕಬೇಡಿ, ಜೊತೆಗಿಟ್ಟುಕೊಳ್ಳಿ. ನಡೆದಾಡುವ ವಯಸ್ಸಿನ ಮಗುವಿಗೆ ಅದೊಂದೇ ತನ್ನೊಂದಿಗೆ ಬಂದ ಆಸ್ತಿ. ಆರೇಳು ವರ್ಷದ ಮಗುವಾದರೆ ಬದಲಿಸುವ ಮಾತೇ ಬೇಡ ಎಂದು ನನ್ನ ಅಭಿಪ್ರಾಯ.

ಹಂತ 6: ವೈದ್ಯರ ಬಳಿ

ಬಂದು ಎರಡು ಮೂರು ವಾರದೊಳಗೆ ಮಕ್ಕಳ ವೈದ್ಯರನ್ನು ಕಾಣಿ, ದತ್ತು ಮಕ್ಕಳನ್ನು ನೋಡಿ ಅನುಭವವಿರುವವರಾದರೆ ಒಳ್ಳೆಯದು. ರಕ್ತಹೀನತೆ, ಸೀಸದ ಅಂಶ, ಹೆಪಟೈಟಿಸ್ ಬಿ, ಎಚ್‌ಐವಿ, ಸಿಫಿಲಿಸ್, ಥೈರಾಯ್ಡ್, ಹೊಟ್ಟೆಹುಳು, ಕ್ಷಯ, ಇವುಗಳ ಪರೀಕ್ಷೆ ಭಾರತದಲ್ಲಿ ಆಗಿದ್ದರೂ ಮತ್ತೆ ಮಾಡಿಸುವುದು ವಾಡಿಕೆ. ಬಿಸಿಜಿ ಲಸಿಕೆ ಪಡೆದ ಮಗುವಿಗೆ ಕ್ಷಯದ ಚರ್ಮಪರೀಕ್ಷೆ ಸುಮ್ಮನೇ ಪಾಸಿಟಿವ್ ತೋರಿಸಬಹುದು, ರಕ್ತಪರೀಕ್ಷೆಯ ಬಗ್ಗೆ ಕೇಳಿ. ಸೊಂಟದ ಕೆಳಗೆ ನೀಲಿ ಮಚ್ಚೆಗಳಿದ್ದರೆ ವೈದ್ಯರ ದಾಖಲೆಯಲ್ಲಿ ಬರೆಸಿಡಿ. ನಮ್ಮ ಮಕ್ಕಳಲ್ಲಿ ಹುಟ್ಟಿನಿಂದಲೇ ಇರುವ ಈ ಮಚ್ಚೆಯನ್ನು ಡೇಕೇರ್‌ನವರು ಹೊಡೆತದ ಗುರುತೆಂದು ತಿಳಿಯುವುದುಂಟು.

ಎತ್ತರ, ತೂಕ ಕಡಿಮೆಯಿದ್ದರೆ ಗಾಬರಿಯಾಗಬೇಡಿ. ಸಂಸ್ಥೆಯಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಸುಮಾರು ಒಂದು ತಿಂಗಳ ಬೆಳವಣಿಗೆ ಹಿಂದೆ ಬೀಳುತ್ತದೆ ಎಂಬುದು ವೈದ್ಯರ ಅಂದಾಜು ಲೆಕ್ಕ, ಮನೆ ಸೇರಿದ ಮೇಲೆ ಬಹುಪಾಲು ಮಕ್ಕಳು ಚುರುಕಾಗಿ ಬೆಳೆಯುತ್ತವೆ. ಮಾತು, ನಡಿಗೆ ತಡವಾಗಿದ್ದರೆ ಮೂರು ವರ್ಷದೊಳಗಿನ ಮಕ್ಕಳಿಗೆ ರಾಜ್ಯದ ಅರ್ಲಿ ಇಂಟರ್ವೆನ್ಷನ್ ಸೇವೆ, ಆಮೇಲೆ ಶಾಲಾ ಜಿಲ್ಲೆಯ ಸೇವೆ ಇದೆ. ನಾಚಿಕೆಪಡದೆ ಕೇಳಿ.

ಹಂತ 7: ಕಷ್ಟದ ದಿನಗಳು

ಬಹುತೇಕ ಮಕ್ಕಳು ಮೊದಲು ಒಬ್ಬರನ್ನು ಆರಿಸಿಕೊಂಡು ಇನ್ನೊಬ್ಬರನ್ನು ದೂರ ತಳ್ಳುತ್ತವೆ. ಶಿಶುಗೃಹದಲ್ಲಿ ಗಂಡಸರನ್ನೇ ಕಾಣದ ಮಗು ಅಪ್ಪನ ಮೀಸೆ ಕಂಡು ಹೆದರಬಹುದು. ಇಲ್ಲವೇ ಆಯಾಳನ್ನು ಕಳೆದುಕೊಂಡ ಸಿಟ್ಟನ್ನೆಲ್ಲ ಅಮ್ಮನ ಮೇಲೆ ತೀರಿಸಿಕೊಳ್ಳಬಹುದು. ತಳ್ಳಿಸಿಕೊಂಡವರು ಹಿಂದೆ ಸರಿಯಬೇಡಿ, ಮೇಲೆಬೀಳಲೂ ಬೇಡಿ. ಆಯ್ಕೆಯಾದವರ ಪಕ್ಕದಲ್ಲೇ ಕೂತಿರಿ. ಹಾಲಿನ ಬಾಟಲಿಯಂಥ ಒಂದು ಸಿಹಿ ಕೆಲಸ ಅವರಿಗೇ ಮೀಸಲಾಗಲಿ.

ರಂಪ ಮಾಡಿದಾಗ ಕೋಣೆಯಲ್ಲಿ ಒಬ್ಬಂಟಿಯಾಗಿ ಕೂರಿಸುವ ಶಿಕ್ಷೆ ಬೇಡ. ಪಕ್ಕದಲ್ಲಿ ಕೂತು, ಹೊಡೆಯಲು ಬಂದ ಕೈಯನ್ನು ಮೆಲ್ಲಗೆ ತಡೆದು, ಇಲ್ಲೇ ಇದ್ದೇನೆ ಎನ್ನಿ. ಹೊಡೆತ ಯಾವ ಮಗುವಿಗೂ ಸಲ್ಲದು. ಈ ಮಗುವಿಗೆ ಹೊಡೆದರೆ ತಿಂಗಳುಗಳ ನಂಬಿಕೆ ಒಂದೇ ಏಟಿಗೆ ಹೋಗುತ್ತದೆ.

ನಿಮ್ಮ ಮನಸ್ಸನ್ನೂ ನೋಡಿಕೊಳ್ಳಿ. ಇಷ್ಟು ಹಂಬಲಿಸಿದ ಮಗು ಮನೆಯಲ್ಲಿದ್ದೂ ಏನೂ ಅನಿಸುತ್ತಿಲ್ಲ, ಯಾರದೋ ಮಗುವನ್ನು ನೋಡಿಕೊಳ್ಳುತ್ತಿದ್ದೇನೆ ಎನಿಸುತ್ತದೆ ಎಂದು ಎಷ್ಟೋ ತಾಯಂದಿರು ಗುಟ್ಟಾಗಿ ಅಳುತ್ತಾರೆ. ಬಾಣಂತಿಯರಿಗಷ್ಟೇ ಖಿನ್ನತೆ ಬರುತ್ತದೆ ಎಂದೇನಿಲ್ಲ, ದತ್ತು ತಾಯಿಗೂ ತಂದೆಗೂ ಬರುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ. ಕೈಕೆಲಸ ಮಾಡುತ್ತಿರಿ, ಭಾವನೆ ಹಿಂದೆ ಬರಲಿ. ಬಾಣಂತನ ಮಾಡುವವರು ನಿಮಗೂ ಬೇಕು: ನೆಂಟರು ಅಡುಗೆ ಮಾಡಲಿ, ಪಾತ್ರೆ ತೊಳೆಯಲಿ, ಬಟ್ಟೆ ಮಡಿಸಲಿ. ಮಗುವಿನ ಕೆಲಸ ನಿಮಗೆ ಬಿಡಲಿ.

ಎಷ್ಟು ಕಾಲ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಬುಕಾರೆಸ್ಟ್‌ನ ಅನಾಥಾಲಯಗಳ 136 ಮಕ್ಕಳನ್ನು 2000ದ ಇಸವಿಯ ನಂತರ ವರ್ಷಗಟ್ಟಲೆ ಗಮನಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಸಾಕು ಕುಟುಂಬ ಸೇರಿದ ಮಕ್ಕಳ ನಂಟು ಸಂಸ್ಥೆಯಲ್ಲೇ ಉಳಿದವರಿಗಿಂತ ಚೆನ್ನಾಗಿ ಬೆಳೆಯಿತು, ಎರಡು ವರ್ಷದೊಳಗೆ ಸೇರಿದವರಲ್ಲಿ ಇನ್ನೂ ಚೆನ್ನಾಗಿ. ಮಗು ದೊಡ್ಡದಿದ್ದಷ್ಟೂ ಸಮಯ ಹೆಚ್ಚು ಬೇಕು ಎಂದಿಟ್ಟುಕೊಳ್ಳಿ. ಕಾಣಬೇಕಾದ ಗುರುತುಗಳು ಸಣ್ಣವು: ಪೆಟ್ಟಾದಾಗ ನಿಮ್ಮ ಕಡೆಗೇ ಓಡಿಬರುವುದು, ಹೊಸ ಜಾಗದಲ್ಲಿ ಆಡುತ್ತಾ ಆಡುತ್ತಾ ತಿರುಗಿ ನೀವಿದ್ದೀರಾ ಎಂದು ನೋಡುವುದು, ನೀವು ಹೋದರೆ ಅತ್ತು ಬಂದರೆ ಸುಮ್ಮನಾಗುವುದು.

ಆರು ತಿಂಗಳು ಕಳೆದರೂ ಮಗು ನೋವಾದಾಗ ಯಾರ ಬಳಿಗೂ ಬಾರದಿದ್ದರೆ, ತನ್ನನ್ನೇ ಹೊಡೆದುಕೊಳ್ಳುತ್ತಿದ್ದರೆ, ಕಣ್ಣು ಕೊಡದೆ ಗಂಟೆಗಟ್ಟಲೆ ತೂಗಾಡುತ್ತಿದ್ದರೆ, ದತ್ತು ಮಕ್ಕಳ ಅನುಭವವಿರುವ ಚಿಕಿತ್ಸಕರ ಬಳಿ ಹೋಗಿ. ಇದನ್ನು ದತ್ತು ಏಜೆನ್ಸಿಯ ಸಮಾಜ ಕಾರ್ಯಕರ್ತರಿಂದ ಮುಚ್ಚಿಡಬೇಡಿ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ ಅವರು ಮನೆಗೆ ಬಂದು ಕಾರಾಗೆ ವರದಿ ಕಳಿಸಲೇಬೇಕು. ಅವರನ್ನು ಪರೀಕ್ಷಕರೆಂದು ತಿಳಿದು ಮನೆ ಒಪ್ಪ ಮಾಡಿ ನಗುವ ಫೋಟೊ ಕೊಟ್ಟು ಕಳಿಸಿದರೆ ಸಹಾಯ ಕೇಳುವ ಅವಕಾಶ ಕೈತಪ್ಪುತ್ತದೆ. ಒಳ್ಳೆಯ ಚಿಕಿತ್ಸಕರ ಹೆಸರು ಸಾಮಾನ್ಯವಾಗಿ ಅವರಿಗೇ ಗೊತ್ತಿರುತ್ತದೆ.

ಕಡತ

ದತ್ತು ಆದೇಶ, ಹೇಗ್ ದೃಢೀಕರಣ ಪತ್ರ, ಅಧ್ಯಯನ ವರದಿ, ಹಳೆಯ ಪಾಸ್‌ಪೋರ್ಟ್‌ನ ಪ್ರತಿ, ಶಿಶುಗೃಹದ ಫೋಟೊ, ಆಯಾ ಬರೆಸಿದ ಚೀಟಿ, ಎಲ್ಲದರ ಎರಡು ಪ್ರತಿ ಬೇರೆ ಬೇರೆ ಕಡೆ ಇಡಿ. ದತ್ತು ಭಾರತದಲ್ಲೇ ಪೂರ್ಣಗೊಂಡ ಮಕ್ಕಳಿಗೆ ಕೊಡುವ ಐಎಚ್-3 ವೀಸಾದ ಮೇಲೆ ಬಂದ ಮಗು ಪೌರ ತಂದೆ ಅಥವಾ ತಾಯಿಯೊಂದಿಗೆ ನೆಲೆಸಲು ಅಮೆರಿಕದಲ್ಲಿ ಕಾಲಿಟ್ಟ ದಿನವೇ ಪೌರತ್ವ ಪಡೆಯುತ್ತದೆ, ಪ್ರಮಾಣಪತ್ರ ಅಂಚೆಯಲ್ಲಿ ಬರುತ್ತದೆ. ಆಮೇಲೆ ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಮಾಡಿಸಿಕೊಡಿ, ಊರಿಗೆ ಹೋಗಿಬರಲು ಬೇಕಾಗುತ್ತದೆ. ದತ್ತು ಎಂಬ ಮಾತು ಮನೆಯಲ್ಲಿ ಮೊದಲ ದಿನದಿಂದಲೇ ಬಳಕೆಯಲ್ಲಿರಲಿ, ಆಲ್ಬಂ ಮಗುವಿನ ಕೈಗೆಟುಕುವ ಶೆಲ್ಫಿನಲ್ಲಿರಲಿ. ಮುಂದೆ ತನ್ನ ಮೂಲ ಹುಡುಕಬೇಕೆಂದು ಮಗು ಬಯಸಿದರೆ ಕಾರಾ ನಿಯಮದಲ್ಲೇ ಅದಕ್ಕೆ ದಾರಿಯಿದೆ. ಹದಿನೆಂಟು ತುಂಬುವವರೆಗೆ ಅರ್ಜಿಯನ್ನು ನೀವೂ ಮಗುವೂ ಸೇರಿ ಹಾಕಬೇಕು.